ಒಂದೇ ಕೊಕ್ಕು, ಮೂರು ಬಗೆಯ ಕಡಿತ: ದಾವಣಗೆರೆಯ ಮನೆಯೊಂದರ ಗಿಳಿಯ ಪ್ರಕರಣ

ಹಿನ್ನೆಲೆ

ಈ ಪ್ರಕರಣ ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿ ವಾಸವಿರುವ ಐವರ ಕುಟುಂಬದ್ದು. ಯಜಮಾನರು ಮೆಕ್ಕೆಜೋಳದ ವ್ಯಾಪಾರಕ್ಕೆ ಸಂಬಂಧಪಟ್ಟ ಕೆಲಸದಲ್ಲಿದ್ದಾರೆ. ಅವರ ಪತ್ನಿ, ಪಿಯುಸಿ ಓದುತ್ತಿರುವ ಮಗಳು, ಆರನೇ ತರಗತಿಯ ಮಗ ಮತ್ತು ಯಜಮಾನರ ತಾಯಿ ಒಂದೇ ಮನೆಯಲ್ಲಿದ್ದಾರೆ. ಗುರುತು ಸಿಗಬಾರದೆಂದು ಮನೆಯವರ ಕೆಲವು ವಿವರಗಳನ್ನೂ ಹಕ್ಕಿಯ ಹೆಸರನ್ನೂ ಬದಲಿಸಿದ್ದೇನೆ. ಹಕ್ಕಿಯ ನಡವಳಿಕೆ, ಮಾಡಿದ ಚಿಕಿತ್ಸೆ ಮತ್ತು ಅದರ ಫಲವನ್ನು ಇದ್ದದ್ದು ಇದ್ದಂತೆಯೇ ಬರೆದಿದ್ದೇನೆ. ಸಾಕುಪ್ರಾಣಿಗಳ ಪಶುವೈದ್ಯನಾಗಿ ನಾನು ಈ ಹಕ್ಕಿಯನ್ನು ಒಂದು ಸಂಕ್ರಾಂತಿಯಿಂದ ಮುಂದಿನ ಚಳಿಗಾಲದವರೆಗೆ ನೋಡಿದೆ. ನಮ್ಮ ಭಾಗದಲ್ಲಿ ವಿದೇಶಿ ಗಿಳಿಗಳನ್ನು ಸಾಕುವವರು ಹೆಚ್ಚುತ್ತಿದ್ದಾರೆ. ಅವು ಕಚ್ಚತೊಡಗಿದಾಗ ಮಾಡುವ ಉಪಾಯಗಳು ಮಾತ್ರ ಎಲ್ಲ ಮನೆಗಳಲ್ಲೂ ಹೆಚ್ಚುಕಡಿಮೆ ಒಂದೇ ಬಗೆಯವು, ಮತ್ತು ಅವುಗಳಲ್ಲಿ ಹೆಚ್ಚಿನವು ಹಕ್ಕಿಗೆ ಹಾನಿ ಮಾಡುವಂಥವು. ಈ ಬರಹಕ್ಕೆ ಅದೇ ಕಾರಣ.

ಮುತ್ತು ಎಂಬ ಈ ಹಕ್ಕಿ ಸನ್ ಕನ್ಯೂರ್ ಜಾತಿಯದು. ಮೈಯೆಲ್ಲ ಹಳದಿ, ಮುಖ ಮತ್ತು ಹೊಟ್ಟೆಯ ಮೇಲೆ ಕಿತ್ತಳೆ, ರೆಕ್ಕೆಯ ತುದಿಯಲ್ಲಿ ಹಸಿರು ಮತ್ತು ನೀಲಿ; ಬಾಲ ಸೇರಿ ಒಂದಡಿ ಉದ್ದ. ಆರೋಗ್ಯವಂತ ಹಕ್ಕಿ ಸಾಮಾನ್ಯವಾಗಿ 100ರಿಂದ 120 ಗ್ರಾಂ ತೂಗುತ್ತದೆ. ಇದರ ಮೂಲ ನೆಲೆ ದಕ್ಷಿಣ ಅಮೆರಿಕದ ಗಯಾನಾ ಮತ್ತು ಉತ್ತರ ಬ್ರೆಜಿಲ್‌ನ ಸುತ್ತಿನ ಪ್ರದೇಶ. ಪಂಜರದ ವ್ಯಾಪಾರಕ್ಕಾಗಿ ಹಿಡಿದೂ ಹಿಡಿದೂ ಅಲ್ಲಿ ಈಗ ಅಳಿವಿನ ಅಂಚು ತಲುಪಿರುವ ಪಕ್ಷಿಯಿದು. ಗುಂಪಿನಲ್ಲಿ ಬದುಕುವ ಜೀವವಾದ್ದರಿಂದ ದನಿ ಬಹಳ ಜೋರು. ಚೆನ್ನಾಗಿ ನೋಡಿಕೊಂಡರೆ ಇಪ್ಪತ್ತೈದು ವರ್ಷ ಬಾಳುತ್ತದೆ. ಅಂದರೆ ಆರನೇ ತರಗತಿಯ ಹುಡುಗನಿಗೆಂದು ತಂದ ಹಕ್ಕಿ ಅವನ ಮದುವೆಯಾಗಿ ಮಕ್ಕಳಾದ ಮೇಲೂ ಮನೆಯಲ್ಲಿ ಇರಬಹುದು. ಕೊಳ್ಳುವಾಗ ಈ ಲೆಕ್ಕವನ್ನು ಯಾರೂ ಹೇಳುವುದಿಲ್ಲ.

ಮುತ್ತುವನ್ನು ಇನ್ನೂ ಮರಿಯಾಗಿದ್ದಾಗ ತಂದಿದ್ದರು. ಮೊದಲ ಎರಡು ವರ್ಷ ಅದು ಎಲ್ಲರ ಭುಜದ ಮೇಲೂ ಕುಳಿತು, ಅಜ್ಜಿ ಸೊಪ್ಪು ಸೋಸುವಾಗ ಮೊರದ ಅಂಚಿನಲ್ಲಿ ನಿಂತು, ಬೇಕಾದವರ ಕೈಗೆ ಹತ್ತಿ ಇಳಿದು ಬೆಳೆದಿತ್ತು. ಆ ಎರಡು ವರ್ಷದಲ್ಲಿ ಅದು ಯಾರನ್ನೂ ಗಾಯವಾಗುವಂತೆ ಕಚ್ಚಿರಲಿಲ್ಲ.

ಸಮಸ್ಯೆ

ದೀಪಾವಳಿಗೆ ಮುಂಚೆ ಮನೆಗೆ ಸುಣ್ಣಬಣ್ಣ ಮಾಡಿಸಿದರು. ಪಡಸಾಲೆಯ ಕಿಟಕಿಯ ಬಳಿಯಿದ್ದ ಪಂಜರ ಆಗ ಹಾಲ್‌ಗೆ, ಟಿವಿಯ ಪಕ್ಕಕ್ಕೆ ಬಂತು. ಅದೇ ಸಮಯಕ್ಕೆ ಹಾಲ್‌ಗೆ ಒಂದು ಹೊಸ ದಿವಾನ್ ಕಾಟ್ ಕೂಡ ಬಂತು. ಹಬ್ಬ ಕಳೆದ ಕೆಲವೇ ವಾರಗಳಲ್ಲಿ ಮುತ್ತು ಮೊದಲ ಬಾರಿ ಯಜಮಾನರ ಹೆಬ್ಬೆರಳನ್ನು ರಕ್ತ ಬರುವಂತೆ ಕಚ್ಚಿತು. ಆಮೇಲೆ ಅಮ್ಮನ ಕಾಲ್ಬೆರಳು, ಮಗನ ಕಿವಿ. ಸಂಕ್ರಾಂತಿಯ ಹೊತ್ತಿಗೆ ಭುಜದ ಮೇಲಿದ್ದ ಹಕ್ಕಿ ಹುಡುಗನ ಕೆಳದುಟಿಯನ್ನು ಕಚ್ಚಿದಾಗ ಮನೆಯವರಿಗೆ ಗಾಬರಿಯಾಯಿತು. ಗಾಯವನ್ನು ಸೋಪು ನೀರಿನಲ್ಲಿ ತೊಳೆದು, ವೈದ್ಯರಲ್ಲಿಗೆ ಕರೆದೊಯ್ದು ಧನುರ್ವಾತದ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿದ್ದು ಸರಿಯಾದ ಕ್ರಮ. ಅಜ್ಜಿಗಿದ್ದ ಭಯ ನಾಯಿ ಕಚ್ಚಿದಾಗ ಬರುವ ರೋಗದ್ದು. ರೇಬೀಸ್ ಸಸ್ತನಿಗಳ ರೋಗ, ಹಕ್ಕಿಯ ಕಡಿತದಿಂದ ಬರುವುದಲ್ಲ ಎಂದು ತಿಳಿಸಿದ ಮೇಲೆ ಅವರು ಸಮಾಧಾನಗೊಂಡರು.

ಮನೆಯಲ್ಲಿ ಆ ಹೊತ್ತಿಗೆ ಒಂದು ಗಡುವು ಸಿದ್ಧವಾಗಿತ್ತು. ಶಿವರಾತ್ರಿಯೊಳಗೆ ಸರಿಹೋಗದಿದ್ದರೆ ಹಕ್ಕಿಯನ್ನು ಯಾರಿಗಾದರೂ ಕೊಟ್ಟುಬಿಡುವುದು, ಇಲ್ಲವೇ ತೋಟದ ಕಡೆ ಒಯ್ದು ಬಿಟ್ಟುಬಿಡುವುದು ಎಂದು ಯಜಮಾನರು ತೀರ್ಮಾನಿಸಿದ್ದರು. ಎರಡನೆಯ ಮಾತನ್ನು ನಾನು ಕೂಡಲೇ ತಡೆದೆ. ಪಂಜರದಲ್ಲೇ ಹುಟ್ಟಿ ಬೆಳೆದ, ಆಹಾರ ಹುಡುಕಲು ಬಾರದ, ಹದ್ದು ಗಿಡುಗದ ನೆರಳು ಕಂಡರೆ ಏನು ಮಾಡಬೇಕೆಂದು ತಿಳಿಯದ ಹಕ್ಕಿಯನ್ನು ಅಡಿಕೆ ತೋಟದಲ್ಲಿ ಬಿಟ್ಟರೆ ಅದು ಹೆಚ್ಚು ದಿನ ಬದುಕುವುದಿಲ್ಲ. ಬೇರೆಯವರಿಗೆ ಕೊಡುವುದಕ್ಕೂ ಕ್ರಮವಿದೆ. ಸನ್ ಕನ್ಯೂರ್ ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದವಾದ ಸೈಟಿಸ್‌ನ ಎರಡನೆಯ ಅನುಬಂಧದಲ್ಲಿರುವ ಹಕ್ಕಿ. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನೋಂದಣಿ ನಿಯಮಗಳ ಪ್ರಕಾರ ಇಂಥ ಹಕ್ಕಿಯನ್ನು ಇಟ್ಟುಕೊಂಡವರು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು, ಕೈಬದಲಾವಣೆಯನ್ನೂ ತಿಳಿಸಬೇಕು. ‘ಇದನ್ನು ಕೊಟ್ಟು ನಮ್ಮೂರ ಗಿಣಿಯನ್ನೇ ತಂದಿಟ್ಟುಕೊಂಡರಾಯಿತಲ್ಲ, ನಮ್ಮ ತವರಲ್ಲಿ ಇತ್ತು’ ಎಂದು ಅಜ್ಜಿ ಕೇಳಿದರು. ನಮ್ಮ ಹೊಲಗಳಲ್ಲಿ ಕಾಣುವ ಕೊರಳಪಟ್ಟಿಯ ಹಸಿರು ಗಿಣಿ 1972ರ ಅದೇ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಪಕ್ಷಿ; ಅದನ್ನು ಪಂಜರದಲ್ಲಿಡುವುದು ಅಪರಾಧ. ಇದು ಬಹಳ ಮಂದಿಗೆ ತಿಳಿದಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ನನ್ನಲ್ಲಿಗೆ ಬರುವ ಮುಂಚೆ ನಡೆದ ಪ್ರಯತ್ನಗಳು

ಕಚ್ಚಿದಾಗ ‘ಏಯ್’ ಎಂದು ಗದರಿಸುವುದು, ಕೊಕ್ಕಿನ ಮೇಲೆ ಬೆರಳಿನಿಂದ ತಟ್ಟುವುದು, ಮುಖಕ್ಕೆ ನೀರು ಚಿಮುಕಿಸುವುದು, ಪಂಜರಕ್ಕೆ ಹಳೆಯ ಪಂಚೆ ಹೊದಿಸಿ ಕತ್ತಲಲ್ಲಿ ಕೂರಿಸುವುದು ಎಲ್ಲವೂ ಆಗಿತ್ತು. ಸನ್ ಕನ್ಯೂರ್‌ನಂಥ ಗದ್ದಲಪ್ರಿಯ ಹಕ್ಕಿಗೆ ಗದರಿಕೆಯೂ ಒಂದು ಮಾತುಕತೆಯೇ. ತನ್ನಿಂದ ಮನೆಯವರು ಜೋರಾಗಿ ಕೂಗುತ್ತಾರೆಂದರೆ ಅದಕ್ಕೆ ಉತ್ಸಾಹ ಹೆಚ್ಚುತ್ತದೆಯೇ ಹೊರತು ನಾಚಿಕೆಯಾಗುವುದಿಲ್ಲ. ಕೊಕ್ಕಿಗೆ ತಟ್ಟಿದರೆ ಕೈ ಎಂದರೆ ಹೊಡೆಯುವ ವಸ್ತು ಎಂಬುದು ಅದರ ಮನಸ್ಸಿನಲ್ಲಿ ಕೂರುತ್ತದೆ.

ಅಜ್ಜಿಯ ಸಲಹೆಯಂತೆ ಹುಡುಗನ ಬೆರಳಿಗೆ ಹಸಿಮೆಣಸಿನಕಾಯಿ ಅರೆದು ಸವರಿದ್ದರು. ಮುತ್ತು ಬೆರಳನ್ನು ನಿಧಾನವಾಗಿ ನೆಕ್ಕಿತು, ಬೀಜವನ್ನು ಕೊಕ್ಕಿನ ತುದಿಯಿಂದ ಹೆಕ್ಕಿ ತಿಂದಿತು, ಮತ್ತೆ ಬೆರಳ ಕಡೆಗೇ ಬಾಗಿತು. ಖಾರ ಹತ್ತಿದ್ದು ಹುಡುಗನಿಗೇ, ಬೆರಳಿನಲ್ಲಿದ್ದ ಹಳೆಯ ಗಾಯದಲ್ಲಿ. ಇದಕ್ಕೆ ಸ್ಪಷ್ಟವಾದ ಕಾರಣವಿದೆ. ಮೆಣಸಿನಕಾಯಿಯ ಖಾರಕ್ಕೆ ಕಾರಣವಾದ ಕ್ಯಾಪ್ಸೈಸಿನ್ ನಮ್ಮ ನಾಲಿಗೆಯಲ್ಲಿ ಉರಿಯ ಸಂವೇದನೆ ಹುಟ್ಟಿಸುವ ಗ್ರಾಹಕವನ್ನು ತಟ್ಟುತ್ತದೆ. ಹಕ್ಕಿಗಳಲ್ಲಿರುವ ಅದೇ ಗ್ರಾಹಕ ಕ್ಯಾಪ್ಸೈಸಿನ್‌ಗೆ ಸ್ಪಂದಿಸುವುದಿಲ್ಲ. ಕಾಡಿನಲ್ಲಿ ಮೆಣಸಿನ ಬೀಜವನ್ನು ದೂರ ದೂರಕ್ಕೆ ಒಯ್ದು ಹರಡುವವರು ಹಕ್ಕಿಗಳೇ. ಆದ್ದರಿಂದ ಮೆಣಸಿನ ಉಪಾಯ ಯಾವ ಗಿಳಿಯ ಮೇಲೂ ನಡೆಯುವುದಿಲ್ಲ.

ಹೆಚ್ಚು ಹಾನಿ ಮಾಡಿದ್ದು ಬೇರೆ ಎರಡು ಕ್ರಮಗಳು. ಯಜಮಾನರು ಅಂಗಡಿಯಲ್ಲಿದ್ದ ದಪ್ಪ ಚರ್ಮದ ಕೈಗವಸು ತೊಟ್ಟು ಹಕ್ಕಿಯನ್ನು ಹಿಡಿದು ಪಂಜರಕ್ಕೆ ಹಾಕತೊಡಗಿದರು. ಕೈಗವಸಿನೊಳಗೆ ಬೆರಳಿಗೆ ಹಕ್ಕಿಯ ಮೈಯ ಸ್ಪರ್ಶ ತಿಳಿಯುವುದಿಲ್ಲ. ಹಕ್ಕಿಗೆ ಎದೆ ಗೂಡಿನ ಚಲನೆಯಿಲ್ಲದೆ ಉಸಿರಾಟವೇ ಇಲ್ಲವಾದ್ದರಿಂದ ಬಿಗಿಯಾಗಿ ಹಿಡಿದರೆ ಪ್ರಾಣಕ್ಕೇ ಅಪಾಯ. ಎರಡನೆಯದು, ಮಾರಿದವರ ಸಲಹೆಯಂತೆ ರೆಕ್ಕೆಯ ಗರಿಗಳನ್ನು ಕತ್ತರಿಸಿದ್ದು. ಹಾರಲು ಬಂದರೆ ಸೊಕ್ಕು ಬರುತ್ತದೆ ಎಂಬುದು ಅವರ ವಾದವಾಗಿತ್ತು. ಇಷ್ಟವಿಲ್ಲದಾಗ ಹಾರಿ ದೂರ ಹೋಗುವುದು ಹಕ್ಕಿಗಿರುವ ಮೊದಲ ದಾರಿ. ಅದನ್ನು ಕಿತ್ತುಕೊಂಡ ಮೇಲೆ ಉಳಿಯುವುದು ಕೊಕ್ಕು ಮಾತ್ರ. ಹುಡುಗನ ತುಟಿಗೆ ಗಾಯವಾದದ್ದು ರೆಕ್ಕೆ ಕತ್ತರಿಸಿದ ನಂತರವೇ ಎಂಬುದನ್ನು ಮನೆಯವರು ಗಮನಿಸಿರಲಿಲ್ಲ.

ದೇಹಪರೀಕ್ಷೆ ಮತ್ತು ನೋಟ್‌ಬುಕ್

ನಡವಳಿಕೆಯ ಮಾತು ಆಡುವ ಮುನ್ನ ನೋವು ಇದೆಯೇ ಎಂದು ನೋಡಲೇಬೇಕು. ಒಳಗೆ ನೋವಿರುವ ಹಕ್ಕಿಗೆ ತರಬೇತಿ ಕೊಡುವುದು ಅನ್ಯಾಯ. ಮುತ್ತುವಿನ ಕೊಕ್ಕು, ಬಾಯಿ, ಕಾಲು, ಗರಿ, ಹಿಕ್ಕೆ ಎಲ್ಲವನ್ನೂ ಪರೀಕ್ಷಿಸಿದೆ, ರೋಗವೇನೂ ಕಾಣಲಿಲ್ಲ. ತೂಕ 131 ಗ್ರಾಂ ಇತ್ತು, ಅಂದರೆ ಸ್ಥೂಲಕಾಯ. ಈ ಜಾತಿಯಲ್ಲಿ ಗಂಡು ಹೆಣ್ಣು ನೋಡಲು ಒಂದೇ ರೀತಿ ಇರುವುದರಿಂದ ಡಿಎನ್‌ಎ ಪರೀಕ್ಷೆಗೆ ಮಾದರಿ ಕಳಿಸಿದೆ. ಹೆಣ್ಣು ಎಂದು ವರದಿ ಬಂತು. ಮೂರನೆಯ ವರ್ಷಕ್ಕೆ ಕಾಲಿಟ್ಟಿದ್ದ ಹಕ್ಕಿ ಪ್ರಾಯಕ್ಕೆ ಬಂದಿತ್ತು.

ಮಗಳಿಗೆ ಒಂದು ಕೆಲಸ ಒಪ್ಪಿಸಿದೆ. ಹಕ್ಕಿ ಕಚ್ಚಿದಾಗಲೆಲ್ಲ ಯಾವ ಹೊತ್ತು, ಯಾವ ಜಾಗ, ಯಾರನ್ನು, ಕಚ್ಚುವುದಕ್ಕೆ ಸರಿಯಾಗಿ ಮುಂಚೆ ಏನಾಯಿತು, ಕಚ್ಚಿದ ಕೂಡಲೇ ಏನಾಯಿತು ಎಂದು ಐದು ಕಲಮುಗಳಲ್ಲಿ ಬರೆಯಬೇಕು. ಸಿಟ್ಟು, ಹಟ, ಸೊಕ್ಕು ಎಂಬಂಥ ಪದಗಳನ್ನು ಬಳಸಬಾರದು, ಕಣ್ಣಿಗೆ ಕಂಡದ್ದನ್ನಷ್ಟೇ ಬರೆಯಬೇಕು. ಹುಡುಗಿ ಅದನ್ನು ಅಷ್ಟೇ ಶ್ರದ್ಧೆಯಿಂದ ಮಾಡಿದಳು. ಅವಳ ನೋಟ್‌ಬುಕ್‌ನ ಒಂದು ಸಾಲು ಹೀಗಿದೆ: ‘ಸಂಜೆ 7.20. ದಿವಾನ್ ಕೆಳಗೆ. ತಮ್ಮ ರಿಮೋಟ್ ತೆಗೆಯಲು ಕೈ ಹಾಕಿದ. ಮುತ್ತು ಕುತ್ತಿಗೆಯ ಗರಿ ಎಬ್ಬಿಸಿತು, ಕಣ್ಣಿನ ಕಪ್ಪು ಸಣ್ಣದು ದೊಡ್ಡದು ಆಯಿತು, ಕಚ್ಚಿತು. ತಮ್ಮ ಕೈ ತೆಗೆದ, ಎಲ್ಲರೂ ದೂರ ಬಂದೆವು. ಅದು ಮತ್ತೆ ಒಳಗೆ ಹೋಯಿತು.’

ಕೆಲವು ವಾರಗಳ ನಂತರ ಆ ಪುಟಗಳನ್ನು ಮೇಜಿನ ಮೇಲೆ ಹರಡಿ ಮನೆಯವರೆಲ್ಲ ಕೂತು ನೋಡಿದಾಗ ಈ ಪ್ರಕರಣದ ದಿಕ್ಕೇ ಬದಲಾಯಿತು. ಅದುವರೆಗೆ ಎಲ್ಲರ ಮಾತಿನಲ್ಲೂ ಇದ್ದದ್ದು ‘ಹಕ್ಕಿಗೆ ಕಚ್ಚುವ ಚಾಳಿ ಬಿದ್ದಿದೆ’ ಎಂಬ ಒಂದೇ ಸಮಸ್ಯೆ. ಪುಟಗಳಲ್ಲಿ ಕಂಡದ್ದು ಒಂದಕ್ಕೊಂದು ಸಂಬಂಧವಿಲ್ಲದ ಮೂರು ಸಮಸ್ಯೆಗಳು.

ದಿವಾನ್ ಸುತ್ತಮುತ್ತ ನಡೆದ ಕಡಿತಗಳು ಗೂಡು ಕಾಯುವ ಕಡಿತಗಳು. ಕಾಡಿನಲ್ಲಿ ಈ ಹಕ್ಕಿ ಮರದ ಪೊಟರೆಯಲ್ಲಿ ಮೊಟ್ಟೆಯಿಡುತ್ತದೆ. ಕತ್ತಲೆಯಾದ, ಇಕ್ಕಟ್ಟಾದ, ಮೂರು ಕಡೆ ಮುಚ್ಚಿದ ಯಾವ ಜಾಗವೂ ಅದಕ್ಕೆ ಪೊಟರೆಯೇ. ಹೊಸ ದಿವಾನ್‌ನ ಕೆಳಭಾಗ ಹಾಗೇ ಇತ್ತು. ಅಮ್ಮನ ಕಾಲ್ಬೆರಳು ಕಚ್ಚಿಸಿಕೊಂಡದ್ದೂ ಅದರ ಮೇಲೆ ಕುಳಿತು ಕಾಲು ಇಳಿಬಿಟ್ಟಾಗಲೇ. ಯಜಮಾನರನ್ನು ಕಚ್ಚಿದ್ದೆಲ್ಲ ರಾತ್ರಿ ಹಕ್ಕಿಯನ್ನು ಪಂಜರಕ್ಕೆ ಸೇರಿಸುವ ಹೊತ್ತಿನಲ್ಲಿ. ದಿನವಿಡೀ ಅದರ ತಂಟೆಗೆ ಹೋಗದ ಅವರು ರಾತ್ರಿ ಮಾತ್ರ ಹತ್ತಿರ ಬರುತ್ತಿದ್ದರು. ಅವರ ಕೈ ಕಂಡಿತೆಂದರೆ ಆಟ ಮುಗಿಯಿತು, ಬಾಗಿಲು ಹಾಕಿತು ಎಂಬುದು ಹಕ್ಕಿಗೆ ಪಾಠವಾಗಿತ್ತು. ಕಚ್ಚಿದರೆ ಅವರು ಕೈಗವಸು ಹುಡುಕಲು ಒಳಗೆ ಹೋಗುತ್ತಿದ್ದರು, ಹಕ್ಕಿಗೆ ಇನ್ನಷ್ಟು ಹೊತ್ತು ಹೊರಗಿರಲು ಸಿಗುತ್ತಿತ್ತು. ಮೂರನೆಯದು ಹುಡುಗನದು. ಅವನು ಹಕ್ಕಿಯನ್ನು ಪ್ರೀತಿಯಿಂದ ಬೆನ್ನಿನ ಮೇಲೆ, ರೆಕ್ಕೆಯ ಕೆಳಗೆ, ಬಾಲದವರೆಗೆ ಸವರುತ್ತಿದ್ದ. ಪ್ರಾಯದ ಗಿಳಿಗೆ ಬೆನ್ನು ಮತ್ತು ರೆಕ್ಕೆಯಡಿಯ ಸ್ಪರ್ಶ ಜೋಡಿಹಕ್ಕಿಯ ಸ್ಪರ್ಶ. ಹಕ್ಕಿ ಅವನನ್ನು ಸಂಗಾತಿಯೆಂದು ಎಣಿಸಿ, ಬೇರೆಯವರು ಹತ್ತಿರ ಬಂದಾಗ ಅವರನ್ನಲ್ಲ, ಕೈಗೆಟಕುವಷ್ಟು ಸಮೀಪವಿದ್ದ ಅವನನ್ನೇ ಕಚ್ಚುತ್ತಿತ್ತು. ತುಟಿ ಕಚ್ಚಿದ ದಿನ ಅಕ್ಕ ಪಕ್ಕದಲ್ಲಿ ಬಂದು ಕುಳಿತಿದ್ದಳೆಂದು ನೋಟ್‌ಬುಕ್‌ಗೆ ಮುಂಚಿನ ನೆನಪಿನಿಂದ ಹುಡುಗನೇ ಹೇಳಿದ.

ಮೂರರಲ್ಲೂ ಕೊನೆಯ ಕಲಮು ಮಾತ್ರ ಒಂದೇ ಆಗಿತ್ತು. ಕಚ್ಚಿದ ಕೂಡಲೇ ಹಕ್ಕಿಗೆ ಬೇಕಾದದ್ದು ಸಿಕ್ಕಿತ್ತು.

ಇದರ ಕೆಳಗೆ, ಮೂರನ್ನೂ ಒಟ್ಟಿಗೆ ಉರಿಸುತ್ತಿದ್ದ ಕಾರಣಗಳು ಬೇರೆ ಇದ್ದವು. ಸಮಭಾಜಕದ ಸನಿಹದ ಈ ಹಕ್ಕಿಗೆ ಹನ್ನೆರಡು ಗಂಟೆಯ ಹಗಲು, ಹನ್ನೆರಡು ಗಂಟೆಯ ಇರುಳು ಸಹಜ. ಟಿವಿಯ ಪಕ್ಕದ ಪಂಜರದಲ್ಲಿ ಅದಕ್ಕೆ ರಾತ್ರಿ ಹನ್ನೊಂದರವರೆಗೆ ಬೆಳಕು, ಬೆಳಿಗ್ಗೆ ಆರಕ್ಕೆ ದೇವರ ಮನೆಯ ಗಂಟೆ. ತಟ್ಟೆಯಲ್ಲಿ ಸೂರ್ಯಕಾಂತಿ ಬೀಜ, ನೆನೆಸಿದ ಶೇಂಗಾ, ಬೇಯಿಸಿದ ಮೆಕ್ಕೆಜೋಳ ಯಾವಾಗಲೂ ತುಂಬಿರುತ್ತಿತ್ತು. ಉದ್ದದ ಹಗಲು, ಜಿಡ್ಡಿನ ಆಹಾರ, ಪೊಟರೆಯಂಥ ಜಾಗ, ಸಂಗಾತಿಯ ಸ್ಪರ್ಶ ನಾಲ್ಕೂ ಸೇರಿದರೆ ಹಕ್ಕಿಯ ದೇಹ ಮೊಟ್ಟೆಯಿಡುವ ಕಾಲ ಬಂದಿತೆಂದು ತಿಳಿಯುತ್ತದೆ. ನಿದ್ದೆಗೆಟ್ಟ ಹಕ್ಕಿಗೆ ತಾಳ್ಮೆಯೂ ಇರುವುದಿಲ್ಲ.

ಕೈಗೊಂಡ ಕ್ರಮಗಳು

ಮೊದಲು ಮಾಡಿದ್ದು ಬಡಗಿಯ ಕೆಲಸ. ದಿವಾನ್‌ನ ಕೆಳಗೆ ನಾಲ್ಕೂ ಕಡೆ ಪ್ಲೈವುಡ್ ಹೊಡೆಸಿದರು. ಪಂಜರದೊಳಗಿದ್ದ ಬಟ್ಟೆಯ ಗುಡಿಸಲನ್ನು ತೆಗೆದರು. ಮಲಗುವುದಕ್ಕೆಂದೇ ಒಂದು ಚಿಕ್ಕ ಪಂಜರವನ್ನು ಒಳಕೋಣೆಯಲ್ಲಿಟ್ಟು, ಸಂಜೆ ಏಳೂವರೆಗೆ ಅಲ್ಲಿಗೆ ಸೇರಿಸಿ ಕಿಟಕಿಗೆ ದಪ್ಪ ಪರದೆ ಎಳೆದರು. ಹೀಗೆ ಗೂಡು ಕಾಯುವ ಕಡಿತಕ್ಕೆ ತರಬೇತಿಯೇ ಬೇಕಾಗಲಿಲ್ಲ. ಕಾಯಲು ಗೂಡಿಲ್ಲವಾದ ಮೇಲೆ ಆ ಕಡಿತ ತಾನಾಗಿ ನಿಂತಿತು. ನಡವಳಿಕೆಯ ಸಮಸ್ಯೆಗಳಲ್ಲಿ ಹಕ್ಕಿಯನ್ನು ತಿದ್ದುವ ಮುಂಚೆ ಜಾಗವನ್ನು ತಿದ್ದಲು ಸಾಧ್ಯವೇ ಎಂದು ನೋಡುವುದು ಯಾವಾಗಲೂ ಅಗ್ಗದ ದಾರಿ, ಹಕ್ಕಿಗೂ ಸುಖದ ದಾರಿ.

ಆಹಾರ ಬದಲಾವಣೆ ನಿಧಾನವಾಗಿ ನಡೆಯಿತು. ಗಿಳಿಗಳಿಗೆಂದೇ ತಯಾರಾಗುವ ಪೆಲೆಟ್ ಆಹಾರವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸಿ, ಬೀಜಗಳನ್ನು ಇಳಿಸಿದರು. ನುಗ್ಗೆಸೊಪ್ಪು, ಹರಿವೆ, ಕ್ಯಾರೆಟ್, ಸಿಹಿಗುಂಬಳ ಸೇರಿದವು. ಅಜ್ಜಿಯ ಮೊರದ ಅಂಚಿನಲ್ಲಿ ನಿಂತು ಸೊಪ್ಪು ತಿನ್ನುವುದಕ್ಕೆ ಮುತ್ತುವಿಗೆ ಹೊಸದಾಗಿ ಕಲಿಸಬೇಕಾಗಿರಲಿಲ್ಲ. ಬೆಣ್ಣೆಹಣ್ಣು, ಚಾಕೊಲೇಟ್, ಕಾಫಿ, ಟೀ ಎಂದೂ ಕೊಡಬಾರದೆಂದು ತಿಳಿಸಿದೆ. ಇದೇ ಸಂದರ್ಭದಲ್ಲಿ ಅಡುಗೆಮನೆಯ ನಾನ್‌ಸ್ಟಿಕ್ ತವೆಯ ಮಾತೂ ಬಂತು. ಅತಿಯಾಗಿ ಕಾದ ನಾನ್‌ಸ್ಟಿಕ್ ಲೇಪನದಿಂದ ಏಳುವ ಹೊಗೆ ಹಕ್ಕಿಯ ಶ್ವಾಸಕೋಶಕ್ಕೆ ಮಾರಕ, ಕೆಲವೇ ನಿಮಿಷಗಳಲ್ಲಿ ಜೀವ ಹೋಗಬಹುದು. ದೋಸೆಗೆ ಕಬ್ಬಿಣದ ಕಾವಲಿ ಹೇಗೂ ಇದ್ದ ಮನೆಯಾದ್ದರಿಂದ ನಾನ್‌ಸ್ಟಿಕ್ ತವೆ ಅಟ್ಟ ಸೇರಿತು.

ಹುಡುಗನಿಗೆ ಒಂದೇ ನಿಯಮ ಹೇಳಿದೆ: ತಲೆ ಮತ್ತು ಕುತ್ತಿಗೆ ಬಿಟ್ಟು ಬೇರೆಲ್ಲೂ ಸವರಬಾರದು, ಮತ್ತು ಸದ್ಯಕ್ಕೆ ಭುಜದ ಮೇಲೆ ಕೂರಿಸಿಕೊಳ್ಳಬಾರದು. ಭುಜದ ಮೇಲಿರುವ ಹಕ್ಕಿಯ ಮುಖ ನಮಗೆ ಕಾಣುವುದಿಲ್ಲ, ನಮ್ಮ ಕಣ್ಣು ತುಟಿಗಳು ಅದರ ಕೊಕ್ಕಿಗೆ ಹತ್ತಿರ. ಅವನಿಗೆ ಇದು ಕಷ್ಟವಾಯಿತು. ಮುತ್ತು ತನ್ನನ್ನು ಮರೆತುಬಿಡುತ್ತದೆಂದು ಅತ್ತ. ಅದಕ್ಕೆ ಬದಲಾಗಿ ಕಡ್ಡಿ ಮುಟ್ಟುವ ಆಟವನ್ನು ಅವನಿಗೇ ವಹಿಸಿದೆವು. ಐಸ್‌ಕ್ರೀಂ ಕಡ್ಡಿಯ ತುದಿಯನ್ನು ತುಸು ದೂರದಲ್ಲಿ ಹಿಡಿಯುವುದು, ಹಕ್ಕಿ ಕೊಕ್ಕಿನಿಂದ ಅದನ್ನು ಮುಟ್ಟಿದ ಕ್ಷಣವೇ ‘ಸೈ’ ಎನ್ನುವುದು, ಕೂಡಲೇ ಒಂದು ಸೂರ್ಯಕಾಂತಿ ಬೀಜ ಕೊಡುವುದು. ತಟ್ಟೆಯಿಂದ ಮಾಯವಾಗಿದ್ದ ಬೀಜಕ್ಕೆ ಈಗ ಬೆಲೆ ಬಂದಿತ್ತು. ಕಡ್ಡಿ ಹೋದ ಕಡೆ ಹಕ್ಕಿ ನಡೆದು ಬರಲು ಕಲಿತ ಮೇಲೆ ಅದನ್ನು ಯಾರೂ ಹಿಡಿದು ಎತ್ತುವ ಅಗತ್ಯವೇ ಇಲ್ಲವಾಯಿತು. ಪಾಠ ಐದು ನಿಮಿಷ ಮೀರಬಾರದು, ಹಕ್ಕಿಗೆ ಬೇಸರ ಬರುವ ಮುಂಚೆ ನಾವೇ ನಿಲ್ಲಿಸಬೇಕು ಎಂಬುದನ್ನು ಹುಡುಗ ನಮ್ಮೆಲ್ಲರಿಗಿಂತ ಚೆನ್ನಾಗಿ ಪಾಲಿಸಿದ.

ಯಜಮಾನರ ಕೆಲಸ ಬೇರೆಯದು. ಅವರು ಕೈಗವಸನ್ನು ಅಂಗಡಿಗೆ ವಾಪಸ್ ಒಯ್ದರು. ಬೇವಿನ ಕೊಂಬೆಯ ಒಂದು ಕೋಲನ್ನು ಹಕ್ಕಿಯ ಹೊಟ್ಟೆಯ ಕೆಳಭಾಗಕ್ಕೆ ಸಮನಾಗಿ ಹಿಡಿದು ಹತ್ತಿಸಿಕೊಳ್ಳುವುದನ್ನು ಕಲಿತರು. ಪಂಜರಕ್ಕೆ ಸೇರಿಸುವುದನ್ನು ರಾತ್ರಿಗೆ ಮಾತ್ರ ಇಟ್ಟುಕೊಳ್ಳದೆ, ಸಂಜೆ ಹಲವು ಸಲ ಪಂಜರದೊಳಕ್ಕೆ ಕಳಿಸಿ, ಒಳಗೆ ಒಂದು ದಾಳಿಂಬೆ ಕಾಳು ಸಿಗುವಂತೆ ಮಾಡಿ, ಬಾಗಿಲು ಹಾಕದೆ ಮತ್ತೆ ಹೊರಗೆ ಬಿಡಬೇಕು. ಪಂಜರಕ್ಕೆ ಹೋಗುವುದೆಂದರೆ ದಿನ ಮುಗಿಯಿತು ಎಂಬ ಸಂಬಂಧ ಹೀಗೆ ಸಡಿಲವಾಗುತ್ತದೆ.

ಎಲ್ಲರಿಗೂ ಸೇರಿ ಒಂದು ಒಪ್ಪಂದವಿತ್ತು: ಕುತ್ತಿಗೆಯ ಗರಿ ನಿಮಿರಿದರೆ, ಕಣ್ಣಿನ ಕಪ್ಪು ಹಿಗ್ಗಿ ಕುಗ್ಗಿದರೆ, ಬಾಲ ಬೀಸಣಿಗೆಯಂತೆ ಅರಳಿದರೆ, ಮೈ ಬಿಗಿದು ತಲೆ ತಗ್ಗಿಸಿದರೆ ಕೈ ಮುಂದೆ ಹೋಗಬಾರದು, ಅಲ್ಲೇ ನಿಂತು ಹಿಂದೆ ಬರಬೇಕು. ಕಚ್ಚಿಯೇಬಿಟ್ಟರೆ ಕೂಗದೆ, ಕೈ ಜಾಡಿಸದೆ, ಹಕ್ಕಿಯನ್ನು ಹತ್ತಿರದ ಕುರ್ಚಿಯ ಮೇಲೆ ಇಳಿಸಿ ಒಂದರೆಗಳಿಗೆ ಮುಖ ತಿರುಗಿಸಬೇಕು, ಅಷ್ಟೇ. ಅಜ್ಜಿ ಇದನ್ನು ಒಪ್ಪಲಿಲ್ಲ. ‘ಅಲ್ರೀ ಡಾಕ್ಟ್ರೆ, ಅದು ಕಣ್ಣು ಬಿಟ್ಟಿದ್ದಕ್ಕೆಲ್ಲ ನಾವು ಹಿಂದೆ ಸರುದ್ರೆ ನಾಳೆ ತಲೆ ಮ್ಯಾಲೆ ಕುಂತ್ಕಳಲ್ವಾ?’ ಎಂದರು. ಇದು ಬಹಳ ಮನೆಗಳಲ್ಲಿ ಎದುರಾಗುವ ಪ್ರಶ್ನೆ, ಯೋಗ್ಯವಾದ ಪ್ರಶ್ನೆಯೂ ಹೌದು. ಗರಿ ಎಬ್ಬಿಸಿದಾಗ ನಾವು ಸರಿದರೆ ಹಕ್ಕಿ ಕಲಿಯುವುದು ಗರಿ ಎಬ್ಬಿಸಿದರೆ ಸಾಕು ಎಂಬುದನ್ನು. ಕಚ್ಚಿದಾಗ ಮಾತ್ರ ಸರಿದರೆ ಕಲಿಯುವುದು ಕಚ್ಚಿದರೆ ಮಾತ್ರ ಕೆಲಸವಾಗುತ್ತದೆ ಎಂಬುದನ್ನು. ಎರಡರಲ್ಲಿ ಯಾವುದನ್ನು ಕಲಿಸಬೇಕೆಂದು ಅವರನ್ನೇ ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಹಂಗಾದ್ರೆ ಗರಿ ಎಬ್ಬಿಸ್ಲಿ ಬಿಡ್ರಿ’ ಎಂದರು.

ಜಾತ್ರೆಯ ದಿನಗಳು

ಮೊದಲ ಕೆಲವು ವಾರ ಕಡಿತ ಬಹಳ ಕಡಿಮೆಯಾಯಿತು, ಶಿವರಾತ್ರಿಯ ಗಡುವಿನ ಮಾತು ಯಾರೂ ಎತ್ತಲಿಲ್ಲ. ಆ ವರ್ಷ ದಾವಣಗೆರೆಯಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ದುಗ್ಗಮ್ಮನ ಜಾತ್ರೆಯಿತ್ತು. ಮನೆ ತುಂಬ ನೆಂಟರು, ರಾತ್ರಿಯೆಲ್ಲ ಬೆಳಕು, ಬೀದಿಯಲ್ಲಿ ಡೊಳ್ಳು ತಮಟೆ. ಮುತ್ತು ಮಲಗುತ್ತಿದ್ದ ಒಳಕೋಣೆಯೂ ನೆಂಟರಿಗೆ ಬೇಕಾಯಿತು. ಅತಿಥಿಯೊಬ್ಬರು ಮೊದಲ ದಿನವೇ ಹಕ್ಕಿಯನ್ನು ಬೆರಳ ಮೇಲೆ ಕೂರಿಸಿಕೊಳ್ಳಲು ಹೋಗಿ ಗಾಯ ಮಾಡಿಕೊಂಡರು. ಹಕ್ಕಿ ಎಚ್ಚರಿಕೆ ಕೊಟ್ಟಿತ್ತು; ಅವರಿಗೆ ಅದನ್ನು ಓದಲು ಬರುತ್ತಿರಲಿಲ್ಲ. ಆಮೇಲಿನ ವಾರ ಮನೆಯವರಿಗೂ ಕಡಿತಗಳಾದವು, ಯಜಮಾನರು ಫೋನ್ ಮಾಡಿ ಮಾಡಿದ್ದೆಲ್ಲ ನೀರಿನಲ್ಲಿ ಹೋಯಿತೆಂದು ನೊಂದುಕೊಂಡರು.

ಹಿಂದಕ್ಕೆ ಜಾರುವ ಈ ಹಂತದಲ್ಲಿಯೇ ಬಹಳಷ್ಟು ಮನೆಗಳು ಕೈಚೆಲ್ಲುತ್ತವೆ. ಮತ್ತೆ ನೋಟ್‌ಬುಕ್ ತೆರೆಸಿದೆ. ಕಡಿತಗಳೆಲ್ಲ ಹಕ್ಕಿ ಸರಿಯಾಗಿ ನಿದ್ದೆ ಮಾಡದ ರಾತ್ರಿಗಳ ಮಾರನೆಯ ದಿನದ್ದಾಗಿದ್ದವು. ಕಲಿತದ್ದನ್ನು ಹಕ್ಕಿ ಮರೆತಿರಲಿಲ್ಲ. ಕಲಿತಂತೆ ನಡೆಯಲು ಬೇಕಾದ ನೆಮ್ಮದಿ ಇರಲಿಲ್ಲ. ನೆಂಟರು ಹೊರಟ ಮೇಲೆ ಕೋಣೆ ಮರಳಿ ಸಿಕ್ಕಿತು, ಪಾಠವನ್ನು ಮೊದಲ ಹೆಜ್ಜೆಯಿಂದ, ಕಡ್ಡಿ ಮುಟ್ಟುವುದರಿಂದ ಆರಂಭಿಸಿದರು. ಈ ಬಾರಿ ಹಕ್ಕಿ ಬೇಗ ದಾರಿಗೆ ಬಂತು.

ರೆಕ್ಕೆ ಮರಳಿದ ಮೇಲೆ

ಮಳೆಗಾಲದ ಆರಂಭದಲ್ಲಿ ಹಳೆಯ ಗರಿಗಳು ಉದುರಿ ಹೊಸವು ಬರತೊಡಗಿದವು. ಹೊಸ ಗರಿ ಕೊಳವೆಯೊಳಗೆ ರಕ್ತ ತುಂಬಿಕೊಂಡು ಮೊಳೆಯುತ್ತದೆ, ಮುಟ್ಟಿದರೆ ನೋಯುತ್ತದೆ. ಆ ದಿನಗಳಲ್ಲಿ ತಲೆ ಸವರಲು ಹೋದ ಹುಡುಗನನ್ನು ಮುತ್ತು ಮೆಲ್ಲಗೆ ಕಚ್ಚಿತು. ಅವನು ಅತ್ತಿಲ್ಲ. ‘ಗರಿ ನೋಯ್ತೈತೆ’ ಎಂದು ತಾನೇ ಹೇಳಿ, ನೀರು ಚಿಮುಕಿಸುವ ಬಾಟಲಿಯಿಂದ ಸಣ್ಣ ಹನಿಗಳ ಸ್ನಾನ ಮಾಡಿಸಿದನಂತೆ. ಅದೇ ಬಾಟಲಿ ಹಿಂದೆ ಶಿಕ್ಷೆಗೆ ಬಳಕೆಯಾಗಿದ್ದರಿಂದ ಹಕ್ಕಿ ಹೆದರದಂತೆ ಅವನು ಮೊದಲು ಅದನ್ನು ದೂರದಲ್ಲಿಟ್ಟು, ಬೀಜ ಕೊಡುತ್ತ ಹತ್ತಿರ ತಂದಿದ್ದ. ಇದನ್ನು ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಹೊಸ ಗರಿಗಳೊಂದಿಗೆ ಹಾರಾಟವೂ ಮರಳಿತು. ಮತ್ತೆ ರೆಕ್ಕೆ ಕತ್ತರಿಸಬೇಕೇ ಎಂಬ ಪ್ರಶ್ನೆ ಎದ್ದಿತು. ಸೀಲಿಂಗ್ ಫ್ಯಾನಿನ ಭಯದಿಂದ ಅಮ್ಮ ಕತ್ತರಿಸುವುದೇ ಒಳ್ಳೆಯದೆಂದರು. ಅವರ ಭಯ ನಿಜವಾದದ್ದು, ಫ್ಯಾನಿಗೆ ಸಿಕ್ಕು ಸತ್ತ ಹಕ್ಕಿಗಳನ್ನು ನಾನು ನೋಡಿದ್ದೇನೆ. ಚರ್ಚೆಯ ನಂತರ ಹಕ್ಕಿ ಹೊರಗಿರುವಾಗ ಹಾಲ್‌ನ ಫ್ಯಾನ್ ಆರಿಸುವುದು, ಕಿಟಕಿಗಳಿಗೆ ಸೊಳ್ಳೆಪರದೆಯ ಜಾಲರಿ ಹಾಕಿಸುವುದು, ರೆಕ್ಕೆ ಮುಟ್ಟದಿರುವುದು ಎಂದು ತೀರ್ಮಾನವಾಯಿತು. ಇಡೀ ಪ್ರಕರಣದಲ್ಲಿ ನನಗೆ ಅತಿ ಮುಖ್ಯವೆನಿಸುವ ನಿರ್ಧಾರ ಇದು. ರೆಕ್ಕೆ ಬಂದ ಮೇಲೆ ಮುತ್ತು ಇಷ್ಟವಿಲ್ಲದಾಗ ಕಚ್ಚುವ ಬದಲು ಪರದೆಯ ಸರಳಿನ ಮೇಲಕ್ಕೆ ಹಾರಿ ಕೂರತೊಡಗಿತು. ಸ್ವಲ್ಪ ಹೊತ್ತಿನಲ್ಲಿ ತಾನೇ ಇಳಿದು ಬರುತ್ತಿತ್ತು.

ವರ್ಷದ ಕೊನೆಗೆ ತೂಕ 117 ಗ್ರಾಂಗೆ ಇಳಿದಿತ್ತು. ರಕ್ತ ಬರುವಂಥ ಕಡಿತ ಮಳೆಗಾಲದ ನಂತರ ಆಗಿಲ್ಲ. ಯಜಮಾನರ ಬೇವಿನ ಕೋಲಿಗೆ ಹಕ್ಕಿ ತಾನಾಗಿ ಹತ್ತುತ್ತದೆ, ಬರಿಗೈಗೆ ಮಾತ್ರ ಹತ್ತುವುದಿಲ್ಲ. ಅದನ್ನು ಒತ್ತಾಯಿಸುವುದು ಬೇಡವೆಂದು ಅವರೇ ಹೇಳಿದರು.

ಬೇರೆ ಮನೆಗಳಿಗೆ ಅನ್ವಯಿಸುವಾಗ

ಈ ಮನೆಯ ಪರಿಹಾರವನ್ನು ಹಾಗೇ ಎತ್ತಿ ಇನ್ನೊಂದು ಮನೆಗೆ ಇಡಲಾಗದು. ಆಫ್ರಿಕನ್ ಗ್ರೇ ಗಿಳಿ ಹೆದರಿಕೆಯಿಂದ ಕಚ್ಚುತ್ತಿದ್ದರೆ ದಿವಾನ್‌ಗೆ ಪ್ಲೈವುಡ್ ಹೊಡೆಸಿ ಪ್ರಯೋಜನವಿಲ್ಲ. ಆರು ತಿಂಗಳ ಮರಿ ಜಗತ್ತನ್ನು ಕೊಕ್ಕಿನಿಂದ ಮುಟ್ಟಿ ನೋಡುವುದನ್ನು ಕಡಿತವೆಂದು ಎಣಿಸಬಾರದು. ಒಯ್ಯಬಹುದಾದದ್ದು ವಿಧಾನ. ಆರೋಗ್ಯ ಪರೀಕ್ಷೆ ಮೊದಲು, ಬರವಣಿಗೆ ಆಮೇಲೆ, ತರಬೇತಿ ಅದರ ನಂತರ. ಕಡಿತಗಳನ್ನು ಒಟ್ಟು ಸೇರಿಸಿ ಎಣಿಸುವ ಬದಲು ಪ್ರತಿಯೊಂದರಿಂದ ಹಕ್ಕಿಗೆ ಏನು ಸಿಕ್ಕಿತು ಎಂದು ನೋಡಬೇಕು. ಈ ಮನೆಯಲ್ಲಿ ಮೂರಕ್ಕೂ ಒಂದೇ ಮದ್ದು ಮಾಡಿದ್ದಿದ್ದರೆ ಒಂದು ಕಡಿಮೆಯಾಗಿ ಎರಡು ಉಳಿಯುತ್ತಿದ್ದವು. ಬರೆಯುವ ಕೆಲಸವನ್ನು ಹಕ್ಕಿಯ ಮೇಲೆ ಸಿಟ್ಟಿಲ್ಲದವರಿಗೆ ಕೊಡುವುದು ಲೇಸು. ಇಲ್ಲಿ ಆ ಹುಡುಗಿ ಇಲ್ಲದಿದ್ದರೆ ನನ್ನ ಕೆಲಸ ಬಹಳ ಕಷ್ಟವಾಗುತ್ತಿತ್ತು.

ಮುಂದಿನ ಚಳಿಗಾಲಕ್ಕೆ

ಹೆಣ್ಣು ಹಕ್ಕಿಯಾದ್ದರಿಂದ ಪ್ರತಿ ವರ್ಷ ಒಂದು ಕಾಲಕ್ಕೆ ಗೂಡಿನ ಹಂಬಲ ಮರಳುತ್ತದೆ. ದೀಪಾವಳಿಯ ನಂತರ ಮಲಗುವ ಹೊತ್ತನ್ನು ಇನ್ನೂ ಅರ್ಧ ಗಂಟೆ ಹಿಂದಕ್ಕೆ ತರುವುದು, ಮೆಕ್ಕೆಜೋಳ ಮತ್ತು ಶೇಂಗಾ ಪೂರ್ತಿ ನಿಲ್ಲಿಸುವುದು, ಬೀರುವಿನ ಹಿಂದೆ, ಹಾಸಿಗೆಯ ಮಡಿಕೆಯಲ್ಲಿ, ತೆರೆದ ಡ್ರಾಯರ್‌ನಲ್ಲಿ ಹೊಸ ಪೊಟರೆ ಹುಡುಕುತ್ತಿದೆಯೇ ಎಂದು ನೋಡುವುದು ಎಂದು ಮನೆಯವರ ಜೊತೆ ಮಾತಾಗಿದೆ. ಪ್ರತಿ ಭಾನುವಾರ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ ಕ್ಯಾಲೆಂಡರ್‌ನಲ್ಲಿ ಬರೆಯುತ್ತಾರೆ. ಹಕ್ಕಿ ಗರಿ ಉಬ್ಬಿಸಿಕೊಂಡು ಪಂಜರದ ತಳದಲ್ಲಿ ಕುಳಿತರೆ, ಉಸಿರಿನ ಜೊತೆಗೆ ಬಾಲ ಮೇಲೆ ಕೆಳಗೆ ಆಡುತ್ತಿದ್ದರೆ, ಮುಕ್ಕರಿಯುತ್ತಿದ್ದರೆ ಮೊಟ್ಟೆ ಒಳಗೆ ಸಿಕ್ಕಿಕೊಂಡಿರಬಹುದು. ಬೆಳಗಾಗಲಿ ಎಂದು ಕಾಯದೆ, ಬೆಚ್ಚಗೆ ಇರಿಸಿ ಅದೇ ಹೊತ್ತಿಗೆ ವೈದ್ಯರಲ್ಲಿಗೆ ತರಬೇಕೆಂದು ಆ ಕ್ಯಾಲೆಂಡರ್‌ನ ಪಕ್ಕದಲ್ಲೇ ಮಗಳು ಬರೆದು ಅಂಟಿಸಿದ್ದಾಳೆ.